ಸಿಸ್ಕೋ ಸಿಯುಸಿಎಂ 12.5: ಟಾಮ್‌ಕ್ಯಾಟ್ ರೀಸ್ಟಾರ್ಟ್ ಎಲ್ಲಾ ನೋಡ್‌ಗಳಲ್ಲೂ ಒಂದೇ ಸಲ ಆಗುತ್ತಾ?

ಡಯಲ್‌ಟೋನ್:
ಆಫೀಸಿನ ಐಪಿ ಫೋನ್‌ಗಳನ್ನು ನಡೆಸುವ ಸಿಯುಸಿಎಂ (ಕಾಲ್‌ಮ್ಯಾನೇಜರ್) ನಮ್ಮದು, ಒಂದು ಪಬ್ಲಿಷರ್ (ಮುಖ್ಯ ಸರ್ವರ್), ಮೂರು ಸಬ್‌ಸ್ಕ್ರೈಬರ್ (ಅದರ ಜೊತೆಯ ಸರ್ವರ್‌ಗಳು), ಹೀಗೆ ನಾಲ್ಕು ನೋಡ್ ಇರುವ ಕ್ಲಸ್ಟರ್. ಅದರ ವೆಬ್ ಪೇಜ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್ ಸರ್ವಿಸ್‌ನ ಸರ್ಟಿಫಿಕೇಟ್ ಅವಧಿ ಮುಗಿಯುತ್ತಾ ಬಂದಿತ್ತು, ಮಲ್ಟಿ-ಸ್ಯಾನ್ (ಎಲ್ಲಾ ನೋಡ್‌ಗೂ ಸೇರಿ ಒಂದೇ) ಹೊಸದು ಹಾಕಿದ್ದಾಯ್ತು. ಬ್ರೌಸರ್ ಇನ್ನೂ ಹಳೆಯದನ್ನೇ ತೋರಿಸುತ್ತಿದೆ. ಸರ್ವಿಸ್ ರೀಸ್ಟಾರ್ಟ್ ಆಗಬೇಕು ಅಂತ ಗೊತ್ತು, ಆದರೆ ಸರ್ವಿಸೆಬಿಲಿಟಿ ಪೇಜ್ ಪೂರ್ತಿ ಜಾಲಾಡಿದರೂ ಟಾಮ್‌ಕ್ಯಾಟ್‌ಗೆ ಆ ಆಯ್ಕೆಯೇ ಇಲ್ಲ. ಪಬ್ಲಿಷರ್‌ನಲ್ಲಿ ಒಂದು ಕಮಾಂಡ್ ಹೊಡೆದು ನಾಲ್ಕನ್ನೂ ಮುಗಿಸಬಹುದಾ? ಹಗಲು ಮಾಡಿದರೆ ಕಾಲ್‌ಗಳು ಕಟ್ ಆಗುತ್ತವಾ? ಇನ್ನೊಂದು ತಲೆನೋವು, ವೆಬ್‌ಗೆ ಬಳಸುವ ಅಡ್ಮಿನ್ ಪಾಸ್‌ವರ್ಡ್ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಕಮಾಂಡ್ ಕೊಡುವ ಲಾಗಿನ್) ನಡೆಯುತ್ತಿಲ್ಲ.

ನೈಟ್‌ಶಿಫ್ಟ್:
ರಾತ್ರಿ ನಾಲ್ಕನ್ನೂ ರೀಬೂಟ್ ಮಾಡಿ ಮಲಗಿ ಗುರೂ.

ಹಳೇಪಿಬಿಎಕ್ಸ್:
ರೀಬೂಟ್ ಯಾಕೆ ಸ್ವಾಮಿ? ಒಂದು ವೆಬ್ ಸರ್ವಿಸ್‌ಗೋಸ್ಕರ ಎಲ್ಲಾ ಫೋನ್‌ಗಳ ರಿಜಿಸ್ಟ್ರೇಷನ್ ಅಲ್ಲಾಡಿಸಬೇಕಾ.

ಡಯಲ್‌ಟೋನ್ ಅವರೇ, ಎಸ್‌ಎಸ್‌ಎಚ್‌ಗೆ ಬೇಕಾದದ್ದು ಪ್ಲಾಟ್‌ಫಾರ್ಮ್ ಅಡ್ಮಿನ್ ಖಾತೆ, ಅಂದರೆ ಇನ್‌ಸ್ಟಾಲ್ ಮಾಡುವಾಗ ಕೊಟ್ಟ ಓಎಸ್ ಯೂಸರ್. ಕಾಲ್‌ಮ್ಯಾನೇಜರ್ ವೆಬ್‌ನ ಅಡ್ಮಿನ್ ಬೇರೆ. ಇನ್ನು ಆ ಸರ್ವಿಸೆಬಿಲಿಟಿ ಪೇಜ್ ಓಡುವುದೇ ಟಾಮ್‌ಕ್ಯಾಟ್ ಮೇಲೆ, ಅಲ್ಲಿಂದಲೇ ಅದನ್ನು ನಿಲ್ಲಿಸುವುದು ಕೂತ ಕೊಂಬೆ ಕಡಿದ ಹಾಗೆ, ಅದಕ್ಕೇ ಸಿಎಲ್‌ಐನಿಂದ (ಕಮಾಂಡ್ ಟೈಪ್ ಮಾಡುವ ಪರದೆ) ಮಾತ್ರ ಬಿಟ್ಟಿದ್ದಾರೆ.

ಒಂದೇ ಕಮಾಂಡ್‌ನಲ್ಲಿ ನಾಲ್ಕೂ ಆಗಲ್ಲ. ಯಾವ ನೋಡ್‌ಗೆ ಲಾಗಿನ್ ಆಗಿದ್ದೀರೋ ಅದಕ್ಕಷ್ಟೇ. ಮೊದಲು ಪಬ್ಲಿಷರ್‌ನಲ್ಲಿ ರೆಪ್ಲಿಕೇಷನ್ (ನೋಡ್‌ಗಳ ನಡುವೆ ಡೇಟಾಬೇಸ್ ನಕಲಾಗುವುದು) ಸರಿಯಿದೆಯಾ ನೋಡಿಕೊಳ್ಳಿ:

ಯುಟಿಲ್ಸ್ ಡಿಬಿರೆಪ್ಲಿಕೇಷನ್ ರನ್‌ಟೈಮ್‌ಸ್ಟೇಟ್

ಎಲ್ಲಾ ನೋಡ್‌ಗೂ 2 ಬರಬೇಕು. 3 ಅಥವಾ 4 ಕಂಡರೆ ಅದನ್ನು ಮೊದಲು ಸರಿಮಾಡಿ, ಹಾಗಂತ ಗಾಬರಿಯಲ್ಲಿ ರೆಪ್ಲಿಕೇಷನ್ ರೀಸೆಟ್ ಆಲ್ ಹೊಡೆಯಬೇಡಿ. ಆಮೇಲೆ ಪಬ್ಲಿಷರ್, ಅದು ಪೂರ್ತಿ ಎದ್ದ ಮೇಲೆ ಒಂದೊಂದೇ ಸಬ್‌ಸ್ಕ್ರೈಬರ್:

ಯುಟಿಲ್ಸ್ ಸರ್ವಿಸ್ ರೀಸ್ಟಾರ್ಟ್ ಸಿಸ್ಕೋ ಟಾಮ್‌ಕ್ಯಾಟ್

ಸರ್ವಿಸ್ ಹೆಸರಿನಲ್ಲಿ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರ ಲಿಸ್ಟ್‌ನಲ್ಲಿ ಇರುವಂತೆಯೇ ಇರಬೇಕು, ಇಲ್ಲದಿದ್ದರೆ ಕಮಾಂಡ್ ತಗೊಳ್ಳಲ್ಲ. ನಡುವೆ ಕಂಟ್ರೋಲ್-ಸಿ ಒತ್ತಬೇಡಿ ಅಂತ ಅದೇ ಹೇಳುತ್ತೆ, ಸರಿಯಾಗಿ ಏಳದಿದ್ದರೆ ಅದೇ ಕಮಾಂಡ್ ಮತ್ತೆ ಕೊಡಿ. ಸ್ಟಾರ್ಟೆಡ್ ಅಂತ ಬಂದ ಮೇಲೂ ಲಾಗಿನ್ ಪೇಜ್ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಕಾಲ್‌ಗಳಿಗೆ ಏನೂ ಆಗಲ್ಲ. ಅಷ್ಟು ಹೊತ್ತು ಆ ನೋಡ್‌ನ ವೆಬ್, ಫೋನ್‌ನ ಕಾರ್ಪೊರೇಟ್ ಡೈರೆಕ್ಟರಿ, ಎಕ್ಸ್‌ಟೆನ್ಷನ್ ಮೊಬಿಲಿಟಿ ಲಾಗಿನ್ (ಬೇರೆ ಫೋನ್‌ನಲ್ಲಿ ತಮ್ಮ ನಂಬರ್ ತಂದುಕೊಳ್ಳುವುದು) ಇರಲ್ಲ. ಹಾಟ್-ಡೆಸ್ಕ್ (ಸರದಿಯಲ್ಲಿ ಬಳಸುವ ಮೇಜು) ಜಾಸ್ತಿ ಇದ್ದರೆ ಬೆಳಿಗ್ಗೆ ಶಿಫ್ಟ್ ಶುರುವಾಗುವ ಹೊತ್ತಿಗೆ ಮಾತ್ರ ಮಾಡಬೇಡಿ, ಲಾಗಿನ್ ಆಗ್ತಿಲ್ಲ ಅಂತ ಟಿಕೆಟ್ ಮೇಲೆ ಟಿಕೆಟ್ ಬೀಳುತ್ತೆ.

ಡಯಲ್‌ಟೋನ್:
ಪಬ್ಲಿಷರ್ ಆಯ್ತು, ಬ್ರೌಸರ್‌ನಲ್ಲಿ ಹೊಸ ಸರ್ಟಿಫಿಕೇಟ್ ಬಂತು, ಥ್ಯಾಂಕ್ಸ್ ಸರ್. ಯುಟಿಲ್ಸ್ ಸರ್ವಿಸ್ ಲಿಸ್ಟ್ ಕೊಟ್ಟರೆ ಒಂದಷ್ಟು ಸ್ಟಾಪ್ಡ್ ಅಂತಿವೆ. ಸ್ಟಾರ್ಟ್ ಮಾಡಲಾ?

ಟ್ರಂಕ್‌ಲೈನ್:
ಪಕ್ಕದಲ್ಲಿ ಏನು ಬರೆದಿದೆ ನೋಡಿ. ಸರ್ವಿಸ್ ನಾಟ್ ಆಕ್ಟಿವೇಟೆಡ್ ಅಂತಿದ್ದರೆ ಆ ನೋಡ್‌ನಲ್ಲಿ ಅದನ್ನು ಆನ್ ಮಾಡಿಯೇ ಇಲ್ಲ ಅಂತ, ಸುಮ್ನೆ ಬಿಡಿ. ಡಿಎಚ್‌ಸಿಪಿ ಮಾನಿಟರ್ ಥರದವು ಹೆಚ್ಚಿನ ಕಡೆ ಹಾಗೇ ಇರುತ್ತವೆ. ಕಮಾಂಡೆಡ್ ಔಟ್ ಆಫ್ ಸರ್ವಿಸ್ ಅಂತಿದ್ದರೆ ಯಾರೋ ಕೈಯಾರೆ ನಿಲ್ಲಿಸಿದ್ದಾರೆ. ಯಾಕೆ ನಿಲ್ಲಿಸಿದರು ಅಂತ ಟೀಮಿನಲ್ಲಿ ವಿಚಾರಿಸಿ, ಆಮೇಲೆ ಯುಟಿಲ್ಸ್ ಸರ್ವಿಸ್ ಸ್ಟಾರ್ಟ್.

ಇದೇ ಕಮಾಂಡ್‌ನಲ್ಲಿ ಸಿಸ್ಕೋ ಕಾಲ್‌ಮ್ಯಾನೇಜರ್ ಹೆಸರು ಕೊಟ್ಟರೆ ಕಥೆ ಬೇರೆ. ಆ ನೋಡ್‌ನ ಫೋನ್‌ಗಳೆಲ್ಲ ತಮ್ಮ ಕಾಲ್‌ಮ್ಯಾನೇಜರ್ ಗ್ರೂಪ್‌ನ ಮುಂದಿನ ಸರ್ವರ್‌ಗೆ ಓಡುತ್ತವೆ. ಗ್ರೂಪ್‌ನಲ್ಲಿ ಒಂದೇ ಸರ್ವರ್ ಹಾಕಿಟ್ಟಿದ್ದರೆ ಓಡೋಕೆ ಜಾಗವೇ ಇಲ್ಲ. ಅದನ್ನು ರಾತ್ರಿಗೇ ಇಟ್ಟುಕೊಳ್ಳಿ.

ಹಳೇಪಿಬಿಎಕ್ಸ್:
ಟ್ರಂಕ್‌ಲೈನ್ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ, ಸರ್ಟಿಫಿಕೇಟ್ ಹೊಸದು ಮಾಡುವ ಹುರುಪಿನಲ್ಲಿ ಕಾಲ್‌ಮ್ಯಾನೇಜರ್ ಮತ್ತು ಟಿವಿಎಸ್ (ಫೋನ್‌ಗಳ ಪರವಾಗಿ ಸರ್ಟಿಫಿಕೇಟ್ ಪರಿಶೀಲಿಸುವ ಸರ್ವಿಸ್) ಇವುಗಳ ಸರ್ಟಿಫಿಕೇಟ್ ಎರಡನ್ನೂ ಒಂದೇ ಏಟಿಗೆ ಬದಲಿಸಬೇಡಿ. ಟಾಮ್‌ಕ್ಯಾಟ್‌ನಷ್ಟು ಸಲೀಸಲ್ಲ ಅವು. ಫೋನ್‌ನಲ್ಲಿ ಕೂತಿರುವ ಐಟಿಎಲ್ (ನಂಬಬಹುದಾದ ಸರ್ಟಿಫಿಕೇಟ್‌ಗಳ ಪಟ್ಟಿ) ಹೊಂದದೇ ಹೋದರೆ ಒಂದೊಂದು ಫೋನ್‌ನಲ್ಲೂ ಅದನ್ನು ಅಳಿಸುತ್ತಾ ಕೂರಬೇಕು. ಮುಂದೆ 14ಕ್ಕೆ ಹೋದರೆ ಟಾಮ್‌ಕ್ಯಾಟ್ ಮುಂದೆ ಎಚ್‌ಎಪ್ರಾಕ್ಸಿ ಅನ್ನೋ ಸರ್ವಿಸ್ ಇರುತ್ತದೆ, ಆಗ ಅದನ್ನೂ ನೋಡಿಕೊಳ್ಳಿ.

ನೈಟ್‌ಶಿಫ್ಟ್:
ಸರಿ ಬಿಡಿ, ರೀಬೂಟ್ ಮಾತು ವಾಪಸ್ ತಗೊಂಡೆ 😄