ನೀರಿನ ವರದಿ ಕೈಯಲ್ಲಿದೆ, ಶಾಸಕರಿಗೆ ಮುಟ್ಟಿಸುವುದು ಹೇಗೆ?

ನಾವು ನಾಲ್ಕು ಜನ ವಿಜ್ಞಾನ ಮೇಷ್ಟ್ರುಗಳು ಸೇರಿ ತಾಲ್ಲೂಕಿನ ಕೊಳವೆಬಾವಿ ನೀರು ಪರೀಕ್ಷೆ ಮಾಡಿಸಿದೆವು. ಬಹಳ ಕಡೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕಾಣುತ್ತಿದೆ. 32 ಪುಟದ ವರದಿ ಸಿದ್ಧ. ಇಂಥ ವಿಷಯ ಹಿಡಿದು ಸರ್ಕಾರದ ಹತ್ತಿರ ಹೋದವರು ಇದ್ದರೆ ಅನುಭವ ಹೇಳಿ.

ನಿವೃತ್ತ ಉಪನ್ಯಾಸಕ: ಸರ್, 32 ಪುಟ ಯಾರೂ ಓದುವುದಿಲ್ಲ. ನಾವೂ ಸ್ಪೈರಲ್ ಬೈಂಡಿಂಗ್ ಮಾಡಿಸಿ ಹೆಮ್ಮೆಯಿಂದ ಕೊಟ್ಟು ಬಂದಿದ್ದೆವು. ಮೂರು ತಿಂಗಳು ಬಿಟ್ಟು ಹೋದರೆ ಪಿಎ ಮೇಜಿನ ಮೇಲೆ ಮದುವೆ ಪತ್ರಿಕೆಗಳ ಕೆಳಗೆ ಹಾಗೇ ಇತ್ತು. ಎರಡನೇ ಸಲ ಒಂದೇ ಹಾಳೆ, ಕನ್ನಡದಲ್ಲಿ. ಕ್ಷೇತ್ರದ ನಕ್ಷೆ, ಕೆಟ್ಟ ನೀರಿನ ಊರುಗಳಿಗೆ ಕೆಂಪು ಚುಕ್ಕೆ. ಶಾಸಕರು ನಿಂತಲ್ಲೇ ನೋಡಿ ತಮ್ಮ ಊರಿನ ಚುಕ್ಕೆ ಮೇಲೆ ಬೆರಳಿಟ್ಟರು. ಆಮೇಲೆ ಕೇಳಿದರು: "ಸರಿ, ನಾನೇನು ಮಾಡಬೇಕು?" ನಮ್ಮ ಹತ್ತಿರ ಉತ್ತರ ಇರಲಿಲ್ಲ! ಸಮಸ್ಯೆ ಬರೆದಿದ್ದೆವು, ಬೇಡಿಕೆ ಬರೆದಿರಲಿಲ್ಲ. ಯಾವ ಇಲಾಖೆ, ಯಾವ ಕೆಲಸ, ಅಂದಾಜು ಖರ್ಚು ಎಷ್ಟು, ಇಷ್ಟು ಇರಲೇಬೇಕು.

ಇಲಾಖೆಯಲ್ಲಿ ಕೆಲಸ ಮಾಡಿದವ: ಒಳಗಿನ ಮಾತು ಹೇಳುತ್ತೇನೆ. ಎಂಜಿನಿಯರ್ ಮೊದಲು ಕೇಳುವುದೇ "ನಿಮ್ಮ ಲ್ಯಾಬ್‌ಗೆ ಎನ್‌ಎಬಿಎಲ್ ಮಾನ್ಯತೆ ಇದೆಯಾ?" ಎನ್‌ಎಬಿಎಲ್ ಅಂದರೆ ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ. ಮಾನ್ಯತೆ ಇಲ್ಲ ಅಂದರೆ ಕಡತ ಅಲ್ಲಿಗೇ ಮುಚ್ಚಿತು. ಅದಕ್ಕೇ ಮೊದಲು 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ. ಅದೇ ಬಾವಿಗಳ ಬಗ್ಗೆ ಇಲಾಖೆಯ ಪರೀಕ್ಷಾ ಫಲಿತಾಂಶ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಅವರ ಅಂಕಿ ನಿಮ್ಮದಕ್ಕೆ ಹೊಂದಿದರೆ ಮತ್ತೆ ಯಾರೂ ತಳ್ಳಿಹಾಕುವ ಹಾಗಿಲ್ಲ.

ಇನ್ನೊಂದು, ಬಜೆಟ್ ಫೆಬ್ರವರಿ-ಮಾರ್ಚ್‌ನಲ್ಲಿ ಮಂಡನೆಯಾಗುತ್ತೆ ಅಂತ ಆಗ ಹೋಗಬೇಡಿ. ಅಷ್ಟರಲ್ಲಿ ಪ್ರಸ್ತಾವನೆಗಳೆಲ್ಲ ಹೋಗಿರುತ್ತವೆ. ಮಳೆಗಾಲ ಮುಗಿಯುತ್ತಿದ್ದ ಹಾಗೆ ಓಡಾಡಿ. ಕೆಡಿಪಿ ಸಭೆಗೆ (ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ಸಭೆ) ಮುಂಚೆ ಹಾಳೆ ಶಾಸಕರ ಕೈಯಲ್ಲಿರಲಿ. ಅಧಿವೇಶನ ಹತ್ತಿರ ಇದ್ದರೆ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ ಹಾಕಿಸಿ. ಸಚಿವರು ಸದನದಲ್ಲಿ ಕೊಟ್ಟ ಉತ್ತರ ದಾಖಲೆಗೆ ಹೋಗುತ್ತೆ. ಮನವಿ ಕೊಟ್ಟಾಗ ಇನ್ವರ್ಡ್ ನಂಬರ್ (ಸ್ವೀಕೃತಿ ಸಂಖ್ಯೆ) ಬರೆಸಿಕೊಳ್ಳದೆ ಬರಬೇಡಿ.

ಪೌಷ್ಟಿಕತೆ ಕೆಲಸದಲ್ಲಿರುವವಳು: ಮೊಟ್ಟೆ ಗಲಾಟೆ ನೆನಪಿದೆ ಅಲ್ವಾ? 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ವಿಜಯಪುರದಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಿನ್ನದವರಿಗೆ ಬಾಳೆಹಣ್ಣು ಇತ್ತು. ಆಮೇಲೆ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಮೊಟ್ಟೆ ಸಿಗುತ್ತಿದ್ದ ಯಾದಗಿರಿ ಮಕ್ಕಳನ್ನು, ಸಿಗದಿದ್ದ ಗದಗದ ಮಕ್ಕಳ ಜೊತೆ ಹೋಲಿಸಿತು. ಯಾದಗಿರಿ ಮಕ್ಕಳ ತೂಕ ಜಾಸ್ತಿ ಏರಿತ್ತು. 2022ರಲ್ಲಿ ಯೋಜನೆ ಇಡೀ ರಾಜ್ಯಕ್ಕೆ ಬಂತು. ಅಧ್ಯಯನದಿಂದಲೇ ಬಂತು ಎನ್ನಲಾರೆ. ಆದರೆ ವಾದ ಮಾಡುವವರಿಗೆ ಹಿಡಿದುಕೊಳ್ಳಲು ಒಂದು ಆಧಾರ ಸಿಕ್ಕಿತು. ನೀವೂ ಹೋಲಿಕೆ ಕೊಡಿ: ಫ್ಲೋರೈಡ್ ಕಡಿಮೆ ಇರುವ ಪಕ್ಕದ ಊರಿನ ಮಕ್ಕಳ ಹಲ್ಲು ಹೇಗಿದೆ?

ಪರಿಸರ ಸಂಘದವ: ಮೊದಲೇ ಪೇಪರಿಗೆ ಕೊಡಬೇಡಿ. ನಾವು ಕೊಟ್ಟು ಕೆಟ್ಟೆವು. ಸಹಾಯ ಮಾಡುತ್ತಿದ್ದ ಅಧಿಕಾರಿಯೇ ಮಾರನೇ ದಿನದಿಂದ ಫೋನ್ ಎತ್ತಲಿಲ್ಲ.

ಕೇಳಿದವರು: ಮಾನ್ಯತೆ ವಿಷಯ ನಮಗೆ ಹೊಳೆದೇ ಇರಲಿಲ್ಲ. ಸೋಮವಾರ ಆರ್‌ಟಿಐ ಹಾಕುತ್ತೇವೆ. ಒಂದು ಸಂಶಯ: ಕುದಿಸಿದರೆ ಫ್ಲೋರೈಡ್ ಹೋಗುತ್ತೆ ಅಂತ ಊರವರು ನಂಬಿದ್ದಾರೆ. ಅದನ್ನೂ ಆ ಹಾಳೆಗೆ ಸೇರಿಸಲಾ?

ನಿವೃತ್ತ ಉಪನ್ಯಾಸಕ: ಬೇಡ. ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿಯಾಗುತ್ತೆ ಅಂತ ಗ್ರಾಮಸಭೆಯಲ್ಲಿ ಹೇಳಿ, ಇವತ್ತೇ ಹೇಳಿ. ಶಾಸಕರ ಹಾಳೆಯಲ್ಲಿ ಅದಕ್ಕೆ ಜಾಗ ಇಲ್ಲ.