ಒಂದ ಸಿಪಿಯುದಾಗ ಎರಡು ವಿಂಡೋಸ್: ಹಳೇದು ಹೋಗಬಾರದು, ಹೊಸದೂ ಬೇಕು

ಬೆಟಗೇರಿ ಡಿಟಿಪಿ:

ನಮಸ್ಕಾರ್ರೀ ಎಲ್ಲಾರಿಗೂ. ಗದಗ-ಬೆಟಗೇರಿಯೊಳಗ ನಂದೊಂದು ಸಣ್ಣ ಡಿಟಿಪಿ ಅಂಗಡಿ ಐತಿ. ಊರಿಗೇನೋ ಮುದ್ರಣ ಕಾಶಿ ಅಂತ ಹೆಸರು, ನನ್ನ ಅಂಗಡಿಯೊಳಗ ಇರೋದು ಒಂದು ಸಿಪಿಯು, ಒಂದು ಲೇಸರ್ ಪ್ರಿಂಟರು ಅಷ್ಟ. ಲಗ್ನಪತ್ರಿಕಿ, ಜಾತ್ರಿ ಹ್ಯಾಂಡ್‌ಬಿಲ್, ಬಿಲ್ ಬುಕ್, ಸೊಸಾಯಿಟಿಯವರ ವಾರ್ಷಿಕ ವರದಿ ಮಾಡ್ತೀನಿ. ಟ್ರೇಸಿಂಗ್ ಪೇಪರ್ ಮ್ಯಾಲೆ ಔಟ್‌ಪುಟ್ ತಗದು ಆಫ್‌ಸೆಟ್‌ನವರಿಗೆ ಕೊಡ್ತೀನಿ, ಪ್ಲೇಟ್ ಅವ್ರು ಮಾಡ್ಕೋತಾರ.

ಮಷಿನ್ ಎಂಟನೇ ಜನರೇಶನ್ ಐ5, ಎಚ್310 ಬೋರ್ಡ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಅದರಾಗ ಇರೋದು ವಿಂಡೋಸ್ 10, 32-ಬಿಟ್. 8 ಜಿಬಿ ಹಾಕ್ಸಿ, 4 ಜಿಬಿಗಿಂತ ಹೆಚ್ಚು ಬಳಸಾಕ ಬಾರದ 32-ಬಿಟ್ ಇಟ್ಟಾನಲ್ಲ ಅಂತ ನಗಬ್ಯಾಡ್ರಿ. ನಮ್ಮಪ್ಪಾರ ಕಾಲದಾಗ ತಗೊಂಡ ಫಾಂಟ್ ಪ್ಯಾಕೇಜಿಗೆ ಯುಎಸ್‌ಬಿ ಲಾಕ್ ಐತಿ, ಆ ಕಡ್ಡಿ ಚುಚ್ಚಿದ್ರ ಮಾತ್ರ ಅದು ನಡೀತೈತಿ. ಆ ಲಾಕಿನ ಡ್ರೈವರ್ 32-ಬಿಟ್‌ಗೆ ಮಾತ್ರ. ಕೊಟ್ಟವರನ್ನ ಕೇಳಿದ್ರ "ಹೊಸ ವರ್ಶನ್ ತಗೋರಿ" ಅಂತಾರ, ಹೊಸ ವರ್ಶನ್ನಿನಾಗ ನಮ್ಮ ಹಳೇ ಫಾಂಟ್ ಹಂಗಽ ಬರ್ತಾವು ಅನ್ನೋ ಗ್ಯಾರಂಟಿ ಕೊಡಂಗಿಲ್ಲ. ಎಲ್ಲಾ ಫೈಲೂ ಪುಟ ಜೋಡಿಸೋ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ 7ರಾಗ ಅದಾವು. ಅಪ್ಪನ ಲಗ್ನಪತ್ರಿಕಿ ನಾವ ಮಾಡಿದ್ವಿ, ಈಗ ಮಗಂದೂ ಅದ ಡಿಸೈನ್ ಬೇಕು ಅಂತ ಬರೋ ಗಿರಾಕಿ ಅದಾರ. ಹಿಂಗಾಗಿ ಹಳೇದು ಬಿಡಾಕ ಬರಂಗಿಲ್ಲ.

ಆದ್ರ ಈಗ ಮ್ಯಾಟರ್ ಎಲ್ಲಾ ವಾಟ್ಸಾಪ್‌ನಾಗ ಯೂನಿಕೋಡ್ ಆಗಿ ಬರ್ತೈತಿ, ಪೇಜ್‌ಮೇಕರಿಗೆ ಅದು ತಿಳಿಯಂಗಿಲ್ಲ. ಜಿಎಸ್‌ಟಿ, ಬ್ಯಾಂಕು ಎಲ್ಲಾ ಇದ ಮಷಿನ್ನಿನಾಗ. ವಿಂಡೋಸ್ 10ಕ್ಕ 2025ರ ಅಕ್ಟೋಬರ್ 14ಕ್ಕ ಸಪೋರ್ಟ್ ಮುಗೀತು. ಅದಕ್ಕ 500 ಜಿಬಿ ಎಸ್‌ಎಸ್‌ಡಿ ತಂದಿಟ್ಟೀನಿ, ವಿಂಡೋಸ್ 11 ಹಾಕ್ಸೋ ವಿಚಾರ. ಇಲ್ಲಿ ಸರ್ವಿಸ್ ಮಾಡೋ ಹುಡುಗ "ಎಸ್‌ಎಸ್‌ಡಿನೂ ಬ್ಯಾಡಣ್ಣ, ಇದ್ದ ಡಿಸ್ಕಿನಾಗ ಇನ್ನೊಂದು ಪಾರ್ಟಿಷನ್ ಮಾಡಿ ಹಾಕ್ತೀನಿ, ಚಾಲೂ ಮಾಡಿದಾಗ ಯಾವ್ದು ಬೇಕು ಅಂತ ತಾನಽ ಕೇಳ್ತೈತಿ" ಅಂದ. ಖರೇನ್ರಿ? ಹಳೇದಕ್ಕ ಒಂದ್ ಕೂದಲೆಳಿ ಧಕ್ಕಿ ಆಗಬಾರದು.

ಪೆಂಗ್ವಿನ್ ಪುಟ್ಟ:

ಸರ್, ಎರಡು ವಿಂಡೋಸ್ ಯಾಕೆ? ಎಸ್‌ಎಸ್‌ಡಿಗೆ ಲಿನಕ್ಸ್ ಹಾಕ್ಕೊಳಿ, ಹಳೇ ವಿಂಡೋಸನ್ನ ಅದರೊಳಗೆ, ಒಂದು ಸಿಸ್ಟಮ್ಮಿನೊಳಗೆ ಇನ್ನೊಂದನ್ನ ಓಡಿಸೋ ವರ್ಚುವಲ್‌ಬಾಕ್ಸ್‌ನಲ್ಲಿ ಓಡಿಸಿ. ಲಾಕ್ ಯುಎಸ್‌ಬಿದೇ ಆಗಿರೋದ್ರಿಂದ ಒಳಗಿನ ವಿಂಡೋಸ್‌ಗೆ ದಾಟಿಸಬಹುದು. ಲಿಬ್ರೆಆಫೀಸ್ ಡ್ರಾದಲ್ಲೂ ಪೇಜ್‌ಮೇಕರ್ ಫೈಲ್ ತೆರೆದುಕೊಳ್ಳುತ್ತೆ, ಒಂದ್ಸಲ ನೋಡಿ.

ಸ್ಕ್ರೂಡ್ರೈವರ್ ಅಕ್ಕ:

ಪುಟ್ಟ, ತೆರೆದುಕೊಳ್ಳುತ್ತೆ ನಿಜ. ಸಾಲುಗಳು ಇದ್ದಲ್ಲೇ ಇರುತ್ತವಾ ಅಂತ ಒಂದು ಲಗ್ನಪತ್ರಿಕೆ ತೆರೆದು ನೋಡಿ ಆಮೇಲೆ ಹೇಳು. ಡಿಟಿಪಿಯವರಿಗೆ "ತೆರೆಯುತ್ತೆ" ಅನ್ನೋದು ಉತ್ತರವೇ ಅಲ್ಲ.

ಬೆಟಗೇರಿ ಅಣ್ಣಾರೆ, ನಾನು ದಾವಣಗೆರೆಯಲ್ಲಿ ಸರ್ವಿಸ್ ಅಂಗಡಿ ಇಟ್ಟಿದ್ದೀನಿ. ನಿಮ್ಮಂಥ ಮಷಿನ್ನುಗಳು ನನ್ನ ಟೇಬಲ್ಲಿಗೆ ಬರ್ತಾನೇ ಇರ್ತವೆ. ನಿಮ್ಮ ಹುಡುಗ ಹೇಳಿದ್ದು ಎರಡೂ 64-ಬಿಟ್ ಆಗಿ, ಒಂದೇ ಪದ್ಧತಿಯಲ್ಲಿ ಬೂಟ್ ಆಗೋದಾಗಿದ್ದರೆ ನಡೀತಿತ್ತು. ನಿಮ್ಮ ಕೇಸಲ್ಲಿ ನಡೆಯಲ್ಲ, ಅಷ್ಟೇ ಅಲ್ಲ, ಅದೇ ದಾರೀಲಿ ಹೋದರೆ ಫೈಲುಗಳು ಹೋಗ್ತವೆ. ಹೇಗೆ ಅಂತ ಹೇಳ್ತೀನಿ.

32-ಬಿಟ್ ವಿಂಡೋಸು ನಿಮ್ಮ ಬೋರ್ಡಿನಲ್ಲಿ ಹಳೇ ಬಯಾಸ್ (ಮಷಿನ್ ಚಾಲೂ ಮಾಡೋ ಬೋರ್ಡಿನ ಪ್ರೋಗ್ರಾಂ) ಪದ್ಧತಿಯಲ್ಲಿ, ಅಂದ್ರೆ ಲೆಗಸಿ ಮೋಡಿನಲ್ಲಿ ಬೂಟ್ ಆಗ್ತಿದೆ. ಬಯಾಸಿನಲ್ಲಿ ಸಿಎಸ್‌ಎಂ ಅಂತ ಒಂದು ಸೆಟ್ಟಿಂಗ್ ಇರುತ್ತೆ, ಅದು ಆನ್ ಆಗಿರೋದ್ರಿಂದಲೇ ಅದು ಏಳ್ತಿರೋದು. 64-ಬಿಟ್ ಯುಇಎಫ್‌ಐ ಮೇಲೆ 32-ಬಿಟ್ ವಿಂಡೋಸ್ ನೇರವಾಗಿ ಬೂಟ್ ಆಗಲ್ಲ; ಯುಇಎಫ್‌ಐ ಅಂದ್ರೆ ಬಯಾಸಿನ ಜಾಗಕ್ಕೆ ಬಂದ ಹೊಸ ಪದ್ಧತಿ. ಹಾಗಾಗಿ ನಿಮ್ಮ ಹಾರ್ಡ್ ಡಿಸ್ಕ್ ಎಂಬಿಆರ್, ಅಂದ್ರೆ ಪಾರ್ಟಿಷನ್ ಪಟ್ಟಿ ಬರೆದಿಡೋ ಹಳೇ ರೀತಿಯಲ್ಲಿ, ಇರುತ್ತೆ. ವಿಂಡೋಸ್ 11ಕ್ಕೆ ಬೇಕಾಗಿರೋದು ಇದಕ್ಕೆ ಉಲ್ಟಾ: ಯುಇಎಫ್‌ಐ, ಪಾರ್ಟಿಷನ್ ಪಟ್ಟಿಯ ಹೊಸ ರೀತಿಯಾದ ಜಿಪಿಟಿ ಡಿಸ್ಕ್. ಆ ಹುಡುಗ ಪೆನ್ ಡ್ರೈವ್ ಹಾಕಿ ಹೊಸ ಪಾರ್ಟಿಷನ್ ತೋರಿಸಿದ ತಕ್ಷಣ ಸೆಟಪ್ಪು "ಈ ಡಿಸ್ಕ್ ಎಂಬಿಆರ್ ಇದೆ, ಇಲ್ಲಿ ಹಾಕೋಕೆ ಬರಲ್ಲ" ಅನ್ನುತ್ತೆ. ಆಗ ಅವಸರದಲ್ಲಿ ಇರೋವ್ರು ಮಾಡೋದು ಒಂದೇ: ಎಲ್ಲಾ ಪಾರ್ಟಿಷನ್ ಡಿಲೀಟ್ ಮಾಡಿ ಜಿಪಿಟಿ ಮಾಡೋದು. ನಿಮ್ಮಪ್ಪನ ಕಾಲದ ಲಗ್ನಪತ್ರಿಕೆಗಳೆಲ್ಲ ಅಲ್ಲಿಗೆ ಮುಗೀತು.

ಎಸ್‌ಎಸ್‌ಡಿ ತಂದಿದ್ದು ಒಳ್ಳೇದಾಯ್ತು. ಮೊದಲು ಹಾರ್ಡ್ ಡಿಸ್ಕನ್ನ ಪೂರ್ತಿ ಇನ್ನೊಂದು ಡಿಸ್ಕಿಗೆ ಕ್ಲೋನ್, ಅಂದ್ರೆ ಯಥಾವತ್ ನಕಲು, ಮಾಡಿಸಿ, ಕ್ಲೋನ್ ಆಗಿದ್ದನ್ನ ಹಾಕಿ ಒಂದ್ಸಲ ಬೂಟ್ ಮಾಡಿ, ಪೇಜ್‌ಮೇಕರ್ ತೆರೆದು ನೋಡಿ. ಕ್ಲೋನ್ ಮಾಡಿ ಬೀರುವಿನಲ್ಲಿಟ್ಟು ಒಂದ್ಸಲವೂ ಹಾಕಿ ನೋಡದೇ ಇರೋರೇ ಜಾಸ್ತಿ.

ಆಮೇಲೆ ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ ಕಿತ್ತು ಪಕ್ಕಕ್ಕಿಡಿ. ಎಸ್‌ಎಸ್‌ಡಿ ಒಂದೇ ಇರಲಿ. ಬಯಾಸಿನಲ್ಲಿ ಸಿಎಸ್‌ಎಂ ಆಫ್, ಪಿಟಿಟಿ ಆನ್. ಪಿಟಿಟಿ ಅಂದ್ರೆ ಇಂಟೆಲ್ ಕಡೆಯಿಂದ ಬರೋ ಟಿಪಿಎಂ 2.0, ವಿಂಡೋಸ್ 11 ಕೇಳೋ ಭದ್ರತಾ ವ್ಯವಸ್ಥೆ, ನಿಮ್ಮ ಬೋರ್ಡಿನಲ್ಲಿ ಇದೆ, ಆಫ್ ಆಗಿ ಕೂತಿರುತ್ತೆ. ಈಗ ವಿಂಡೋಸ್ 11 ಹಾಕಿ. ಕೇಬಲ್ ಕೀಳೋಕೆ ಹೇಳಿದ್ದು ತಪ್ಪಿ ಬೇರೆ ಡಿಸ್ಕ್ ಒತ್ತಿಬಿಡಬಾರದು ಅಂತ ಮಾತ್ರ. ಇದನ್ನ ಓದ್ತಿರೋ ಬೇರೆಯವ್ರದ್ದು ಎರಡೂ 64-ಬಿಟ್ ಯುಇಎಫ್‌ಐ ಆಗಿದ್ದರೆ ಇನ್ನೊಂದು ಕಾರಣಾನೂ ಇದೆ: ಹಳೇ ಡಿಸ್ಕಿನಲ್ಲಿ ಇಎಫ್‌ಐ ಪಾರ್ಟಿಷನ್ ಕಂಡರೆ ಸೆಟಪ್ಪು ಹೊಸದರ ಬೂಟ್ ಫೈಲನ್ನೂ ಅಲ್ಲೇ ಇಟ್ಟುಬಿಡುತ್ತೆ. ಮುಂದೆ ಹಳೇ ಡಿಸ್ಕ್ ತೆಗೆದ ದಿನ ಹೊಸದೂ ಏಳಲ್ಲ.

ಎಲ್ಲಾ ಮುಗಿದ ಮೇಲೆ ಕೇಬಲ್ ಹಾಕಿ, ಸಿಎಸ್‌ಎಂ ಮತ್ತೆ ಆನ್ ಮಾಡಿ, ಬೂಟ್ ಮೋಡ್ ಎರಡೂ ಅಂತ ಇಡಿ. ವಿಂಡೋಸ್ ತೋರಿಸೋ ನೀಲಿ ಬೂಟ್ ಮೆನು ನಿಮಗೆ ಸಿಗಲ್ಲ, ಯಾಕಂದ್ರೆ ಯುಇಎಫ್‌ಐನಿಂದ ಎದ್ದ ಮೆನು ಲೆಗಸಿ ವಿಂಡೋಸನ್ನ ಎಬ್ಬಿಸಲಾರದು. ಚಾಲೂ ಮಾಡುವಾಗ ಬೋರ್ಡಿನ ಬೂಟ್ ಕೀ ಒತ್ತಬೇಕು, ಕಂಪನಿ ಮೇಲೆ ಎಫ್8, ಎಫ್11 ಅಥವಾ ಎಫ್12. ಅಲ್ಲಿ "ವಿಂಡೋಸ್ ಬೂಟ್ ಮ್ಯಾನೇಜರ್" ಅಂತ ಇರೋದು ಹೊಸದು, ಹಾರ್ಡ್ ಡಿಸ್ಕಿನ ಮಾಡೆಲ್ ನಂಬರ್ ಇರೋದು ಹಳೇದು. ಮಾಮೂಲಿಗೆ ಯಾವುದು ಬೇಕೋ ಅದನ್ನ ಮೊದಲನೇದಾಗಿ ಇಟ್ಕೊಳ್ಳಿ. ನೋಡೋಕೆ ಹಳ್ಳಿ ಪದ್ಧತಿ, ಆದರೆ ಒಂದರ ಬೂಟು ಇನ್ನೊಂದರ ಮೇಲೆ ನಿಂತಿಲ್ಲ. ಒಂದು ಕೆಟ್ಟರೆ ಇನ್ನೊಂದು ಏಳುತ್ತೆ.

ಒಂದು ಮಾತು, ಸಿಎಸ್‌ಎಂ ಆನ್ ಮಾಡೋಕೆ ಮುಂಚೆ: 11ರ ಹೊಸ ಆವೃತ್ತಿಗಳನ್ನ ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆದರೆ ಡಿಸ್ಕಿನಲ್ಲಿರೋದಕ್ಕೆಲ್ಲ ಬೀಗ ಹಾಕೋ ಡಿವೈಸ್ ಎನ್‌ಕ್ರಿಪ್ಶನ್ ತಾನಾಗೇ ಆನ್ ಆಗುತ್ತೆ. ಆಮೇಲೆ ಬಯಾಸ್ ಸೆಟ್ಟಿಂಗ್ ಬದಲಾಯಿಸಿದ್ರೆ 48 ಅಂಕಿಯ ರಿಕವರಿ ಕೀ ಕೇಳಿಕೊಂಡು ಕೂರುತ್ತೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆಂಡ್ ಸೆಕ್ಯೂರಿಟಿ ಒಳಗೆ ಅದನ್ನ ಆಫ್ ಮಾಡಿ, ಪೂರ್ತಿ ಡಿಕ್ರಿಪ್ಟ್ ಆಗೋವರೆಗೆ ಬಿಟ್ಟು, ಆಮೇಲೆ ಬಯಾಸ್ ಮುಟ್ಟಿ.

ಬೆಟಗೇರಿ ಡಿಟಿಪಿ:

ಅಕ್ಕಾರ, ಭಾಳ ಉಪಕಾರ ಆತ್ರಿ. ಆ ಹುಡುಗಗ ಫೋನ್ ಮಾಡಿ ಸದ್ಯಕ್ಕ ಬರಬ್ಯಾಡಪಾ ಅಂದೆ.

ಇನ್ನ ಒಂದೆರಡು ಕೇಳ್ಲಿ? ನನ್ನ ಕೆಲಸದ ಫೋಲ್ಡರ್ ಎಲ್ಲಾ ಹಾರ್ಡ್ ಡಿಸ್ಕಿನ ಡಿ ಡ್ರೈವಿನಾಗ ಐತಿ. 11ರಾಗ ವಾಟ್ಸಾಪಿನ ಮ್ಯಾಟರ್ ತಗೊಂಡು, ನುಡಿ ಕನ್ನಡ ಸಾಫ್ಟ್‌ವೇರಿನ ಕನ್ವರ್ಟರಿನಾಗ ಯೂನಿಕೋಡ್‌ನಿಂದ ಹಳೇ ಫಾಂಟಿನ ಆಸ್ಕಿಗೆ ಮಾಡಿ, ಅದ ಡಿ ಡ್ರೈವಿಗೆ ಒಗದು, ಆಮ್ಯಾಲೆ 10ಕ್ಕ ಹೋಗಿ ಪೇಜ್‌ಮೇಕರಿನಾಗ ಹಚ್ಚಬೇಕು. ಎರಡೂ ವಿಂಡೋಸು ಅದ ಡ್ರೈವ್ ಬಳಸಿದ್ರ ನಡೀತೈತೇನು? ಮತ್ತ ಲೈಸೆನ್ಸ್ ಒಂದ ಸಾಕೇನು?

ಪೆಂಗ್ವಿನ್ ಪುಟ್ಟ:

ನೋಡಿ ಸರ್, ದಿನಕ್ಕೆ ಎಷ್ಟು ಸಲ ರೀಸ್ಟಾರ್ಟ್ ಮಾಡ್ತೀರ? ಗಿರಾಕಿ ಎದುರಿಗೆ ನಿಂತು "ಮುಹೂರ್ತದ ಟೈಮ್ ತಪ್ಪಾಗಿದೆ, ವಾಟ್ಸಾಪ್ ಮಾಡಿದ್ದೀನಿ ನೋಡಿ" ಅಂದ್ರೆ ಪೇಜ್‌ಮೇಕರ್ ಮುಚ್ಚಿ ಎಲ್ಲಾ ಬಂದ್ ಮಾಡ್ಬೇಕು. ವರ್ಚುವಲ್‌ಬಾಕ್ಸ್ ಆದ್ರೆ ಎರಡೂ ಒಟ್ಟಿಗೆ ತೆರೆದಿರ್ತವೆ. ಆಯ್ತು, ಲಿನಕ್ಸ್ ಬೇಡ, 11ರ ಮೇಲೇ ಹಾಕಿ.

ಸ್ಕ್ರೂಡ್ರೈವರ್ ಅಕ್ಕ:

ಪುಟ್ಟ ಹೇಳಿದ್ದರಲ್ಲಿ ಹುರುಳಿದೆ, ಇಲ್ಲ ಅನ್ನಲ್ಲ. ದಿನವಿಡೀ ಆಚೆ-ಈಚೆ ಓಡಾಡೋ ಕೆಲಸವಾದರೆ ವರ್ಚುವಲ್‌ಬಾಕ್ಸೇ ವಾಸಿ. ನನ್ನ ಅನುಮಾನ ಲಾಕಿನದ್ದು. ಕೆಲವು ಲಾಕು ಒಳಗಿನ ವಿಂಡೋಸ್‌ಗೆ ಸುಮ್ಮನೆ ಹೋಗ್ತವೆ, ಕೆಲವು ಕೆಲಸದ ಮಧ್ಯೆ ಕಳಚಿಕೊಳ್ತವೆ, ಪೇಜ್‌ಮೇಕರ್ ಅಲ್ಲೇ ನಿಲ್ಲುತ್ತೆ. ಟ್ರೇಸಿಂಗ್ ಪೇಪರ್ ಔಟ್‌ಪುಟ್ಟೂ ಪ್ರಿಂಟರನ್ನ ಒಳಗೆ ದಾಟಿಸಿಯೇ ತೆಗೀಬೇಕು. ಅದಕ್ಕೇ ಎರಡು ಡಿಸ್ಕಿನ ವ್ಯವಸ್ಥೆ ಮೊದಲು ಗಟ್ಟಿ ಮಾಡ್ಕೊಳ್ಳಿ, ವರ್ಚುವಲ್‌ಬಾಕ್ಸನ್ನ ಸೀಸನ್ ಇಲ್ಲದಾಗ ಆರಾಮಾಗಿ ಪ್ರಯತ್ನಿಸಿ.

ಲೈಸೆನ್ಸ್: ಮೈಕ್ರೋಸಾಫ್ಟ್ ಷರತ್ತಿನ ಪ್ರಕಾರ ಒಂದು ಲೈಸೆನ್ಸಿಗೆ ಒಂದೇ ಇನ್‌ಸ್ಟಾಲು. 10 ಬಳಕೆಯಲ್ಲೇ ಇರೋದ್ರಿಂದ 11ಕ್ಕೆ ಬೇರೆ ತಗೋಬೇಕು. ಅದೇ ಮಷಿನ್ ಆದ್ದರಿಂದ 11 ಏನೂ ಕೇಳದೆ ಆಕ್ಟಿವೇಟ್ ಆಗಿಬಿಡಬಹುದು, ಅದು ಬೇರೆ ವಿಷಯ. ವರ್ಚುವಲ್‌ಬಾಕ್ಸ್ ಒಳಗೆ ಹಾಕಿದ್ದೂ ಒಂದು ಇನ್‌ಸ್ಟಾಲ್ ಅಂತಲೇ ಲೆಕ್ಕ.

ಈಗ ಡಿ ಡ್ರೈವಿನ ಮಾತು. ಇಡೀ ಚರ್ಚೆಯಲ್ಲಿ ಹೆಚ್ಚು ಗಮನ ಕೊಡಬೇಕಾದ್ದು ಇದಕ್ಕೇ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅಂತ ಬಂದಿದೆ. ನೀವು ಶಟ್ ಡೌನ್ ಒತ್ತಿದಾಗ ಅದು ಪೂರ್ತಿ ಬಂದ್ ಆಗಲ್ಲ. ತನ್ನ ಒಳಗಿನ ಸ್ಥಿತಿಯನ್ನ, ಡ್ರೈವಿನಲ್ಲಿ ಏನೆಲ್ಲಿದೆ ಅನ್ನೋ ನೆನಪನ್ನೂ ಸೇರಿಸಿ, ಒಂದು ಫೈಲಿಗೆ ಬರೆದು ಮಲಗುತ್ತೆ. ಈಗ 10ನ್ನ ಹಾಗೆ ಶಟ್ ಡೌನ್ ಮಾಡಿ 11ಕ್ಕೆ ಹೋಗಿ ಡಿ ಡ್ರೈವಿಗೆ ನಾಲ್ಕು ಫೈಲ್ ಹಾಕಿದ್ರಿ ಅನ್ನಿ. ಮತ್ತೆ 10 ಎದ್ದಾಗ ಅದರ ತಲೇಲಿರೋದು ಹಳೇ ಪಟ್ಟಿ. ಇಬ್ಬರು ಗುಮಾಸ್ತರಿಗೆ ಒಂದೇ ಖಾತೆ ಪುಸ್ತಕ ಕೊಟ್ಟು, ಒಬ್ಬ ಪುಸ್ತಕ ತೆರೆಯದೆ ನಿನ್ನೆ ನೆನಪಿನ ಮೇಲೆ ಬರೀತಾ ಹೋದ ಹಾಗೆ. ಹೊಸ ಫೈಲು ಕಾಣೆಯಾಗುತ್ತೆ, ಇಲ್ಲಾ ಹೆಸರಿದ್ದು ಒಳಗಿನದು ಇನ್ಯಾವುದೋ ಆಗಿರುತ್ತೆ.

ಇಲ್ಲಿಯ ಒಂದು ಫೋಟೋ ಸ್ಟುಡಿಯೋದ ಮಷಿನ್ ಹೀಗೇ ಬಂದಿತ್ತು, ಎರಡು ವಿಂಡೋಸು, ನಡುವೆ ಒಂದು ಡ್ರೈವು. ಡಿಸ್ಕಿನ ದೋಷ ಸರಿಮಾಡೋ ಚೆಕ್ ಡಿಸ್ಕ್ ತಾನಾಗೇ ಓಡಿ ಮದುವೆ ಫೋಟೋಗಳನ್ನೆಲ್ಲ ಹೆಸರಿಲ್ಲದ ತುಂಡುಗಳು ಮಾಡಿ ಒಂದು ಫೋಲ್ಡರಿಗೆ ಸುರಿದಿತ್ತು. ಯಾವುದು ಯಾರ ಮದುವೆ ಅಂತ ತೆರೆದೇ ನೋಡಬೇಕು. ವೈರಸ್ ಅಂದುಕೊಂಡು ತಂದಿದ್ರು ಪಾಪ.

ಮಾಡಬೇಕಾದ್ದು ಸುಲಭ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್, ಅದರಲ್ಲಿ ಪವರ್ ಬಟನ್ ಏನು ಮಾಡಬೇಕು ಅನ್ನೋ ಜಾಗದಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೀರಿ. ಎರಡೂ ವಿಂಡೋಸಿನಲ್ಲಿ. ಹೈಬರ್ನೇಟ್ ಮಾಡಿ ಇನ್ನೊಂದಕ್ಕೆ ಹೋಗೋ ಅಭ್ಯಾಸವೂ ಬೇಡ. ದೊಡ್ಡ ಅಪ್‌ಡೇಟ್ ಬಂದ ಮೇಲೆ ಟಿಕ್ ವಾಪಸ್ ಬಂದಿದೆಯಾ ಅಂತ ಕಣ್ಣಾಡಿಸಿ. 11ರ ಸಿ ಡ್ರೈವು 10ರಲ್ಲಿ ಕಾಣೋದು ಬೇಡ, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದರ ಅಕ್ಷರ ತೆಗೆದುಬಿಡಿ. 10ರಲ್ಲಿ ನೆಟ್ ಅಡಾಪ್ಟರ್ ಡಿಸೇಬಲ್ ಮಾಡಿ, ಅದಕ್ಕೆ ಇನ್ನು ಇಂಟರ್ನೆಟ್ ಯಾಕೆ?

ನುಡಿ ಎರಡೂ ಕಡೆ ಒಂದೇ ವರ್ಶನ್ ಇರಲಿ. ಫಾಂಟಿನ ಅಗಲದಲ್ಲಿ ಚೂರು ವ್ಯತ್ಯಾಸ ಬಂದ್ರೂ ಸಾಲು ಮುರಿಯೋ ಜಾಗ ಬದಲಾಗುತ್ತೆ, ನಿಮಗೆ ಗೊತ್ತಿದ್ದದ್ದೇ.

ಕುಡ್ಲದ ಕೀಬೋರ್ಡ್:

ನಡುವೆ ಬಾಯಿ ಹಾಕ್ತೇನೆ, ಕ್ಷಮಿಸಿ. ನನ್ನದು 12ನೇ ಜನರೇಶನ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ನನಗೂ ಹಳೇ 32-ಬಿಟ್ ಬೇಕಿತ್ತು, ಆದ್ರೆ ಬಯಾಸಿನಲ್ಲಿ ಸಿಎಸ್‌ಎಂ ಒತ್ತಲಿಕ್ಕೇ ಆಗುವುದಿಲ್ಲ ಮಾರಾಯ್ರೆ, ಮಂಕಾಗಿ ಉಂಟು. ಮತ್ತೊಂದು, ಎರಡು ವಿಂಡೋಸ್ ಇದ್ರೆ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗ್ತದೆ ಅಂತ ಯಾರೋ ಹೇಳಿದ್ರು, ಹೌದಾ?

ಸ್ಕ್ರೂಡ್ರೈವರ್ ಅಕ್ಕ:

ಹೊಸ ಇಂಟೆಲ್‌ನಲ್ಲಿ, ಅಂದ್ರೆ 500 ಸರಣಿಯ ಬೋರ್ಡಿನಿಂದ ಈಚೆಗೆ, ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ಮೇಲೆ ಲೆಗಸಿ ಬೂಟ್ ನಡೆಯಲ್ಲ. ಅದಕ್ಕೇ ಮಂಕಾಗಿರೋದು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಿಮಗೆ ಪುಟ್ಟನ ವರ್ಚುವಲ್‌ಬಾಕ್ಸ್ ದಾರಿಯೇ ಗತಿ. ಗಡಿಯಾರದ ತೊಂದರೆ ಲಿನಕ್ಸ್ ಜೊತೆಗಿದ್ದಾಗ: ಅದು ಬೋರ್ಡಿನಲ್ಲಿ ಯುಟಿಸಿ, ಅಂದ್ರೆ ನಮಗಿಂತ ಐದೂವರೆ ಗಂಟೆ ಹಿಂದಿರೋ ಜಾಗತಿಕ ಸಮಯ ಇಡುತ್ತೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂತ ಓದುತ್ತೆ. ಎರಡೂ ವಿಂಡೋಸೇ ಆದರೆ ಆ ಜಗಳ ಇಲ್ಲ.

ಪೆಂಗ್ವಿನ್ ಪುಟ್ಟ:

ಲಿನಕ್ಸ್‌ಗೂ ಲೋಕಲ್ ಟೈಮ್ ಇಡು ಅಂತ ಹೇಳಬಹುದು ಅಕ್ಕಾ, ಒಂದೇ ಸಾಲಿನ ಕಮಾಂಡು. ಸುಮ್ನೆ ಹೆದರಿಸಬೇಡಿ.

ಬೆಟಗೇರಿ ಡಿಟಿಪಿ:

ಆತ್ರಿ ಅಕ್ಕಾರ, ಎರಡೂ ಏಳಾಕತ್ತಾವು. ಬೇರೆ ಕಡೆ ಕ್ಲೋನ್ ಮಾಡ್ಸಿ, ಕೇಬಲ್ ನಾನಽ ಕಿತ್ತು, 11 ಹಾಕ್ಸಿದೆ. ನಮ್ಮ ಬೋರ್ಡಿಗೆ ಎಫ್11. ಎನ್‌ಕ್ರಿಪ್ಶನ್ ಆನ್ ಆಗಿತ್ತು ನೋಡ್ರಿ, ನೀವ್ ಹೇಳ್ದಂಗ ಮೊದಲ ಆಫ್ ಮಾಡಿ ಆಮ್ಯಾಲೆ ಬಯಾಸಿಗೆ ಹೋದೆ. ಲಾಕ್ 10ರಾಗ ಹಸಿರು ಲೈಟ್ ಹಚ್ಕೊಂಡು ಕುಂತೈತಿ. ಪುಟ್ಟಪ್ಪಾ, ನಿನ್ನ ಮಾತೂ ಖರೆ, ರೀಸ್ಟಾರ್ಟ್ ಬ್ಯಾಸರ ಬರ್ತೈತಿ. ಹಿಂಗಾಗಿ ಮುಂಜಾನೆ ಬಂದ ಮ್ಯಾಟರ್ ಎಲ್ಲಾ 11ರಾಗ ಕನ್ವರ್ಟ್ ಮಾಡಿಟ್ಟು, ಊಟ ಆದಮ್ಯಾಲೆ ಪೇಜ್‌ಮೇಕರಿಗೆ ಹೋಗ್ತೀನಿ. ಗಿರಾಕಿಗೂ ತಿದ್ದುಪಡಿ ಹನ್ನೆರಡರೊಳಗ ಕಳಸ್ರಿ ಅಂತ ಬೋರ್ಡ್ ಹಾಕೀನಿ.

ಒಂದ ತೊಂದ್ರಿ ಉಳದೈತಿ. ಕನ್ವರ್ಟ್ ಮಾಡಿದಾಗ ಅರ್ಕಾವತ್ತು ಇರೋ ಕಡೆ ಕೆಲವೊಂದು ಅಕ್ಷರ ಹಿಂದಮುಂದ ಆಗಿ ಬೀಳ್ತಾವು. ಇದೂ ಎರಡು ವಿಂಡೋಸ್ ಹಾಕಿದ್ದಕ್ಕೇನ್ರಿ?

ಸ್ಕ್ರೂಡ್ರೈವರ್ ಅಕ್ಕ:

ಅಲ್ಲ ಅಣ್ಣಾರೆ, ಅದು ಒಂದೇ ವಿಂಡೋಸ್ ಇದ್ದರೂ ಬೀಳುತ್ತೆ, ಕನ್ವರ್ಟರಿನದ್ದು. ಎಡವೋ ಪದಗಳ ಪಟ್ಟಿ ಮಾಡಿಕೊಂಡು ಬೇರೆ ಪ್ರಶ್ನೆಯಾಗಿ ಹಾಕಿ, ಇಲ್ಲಿ ಸೇರಿಸಿದ್ರೆ ಹುಡುಕೋರಿಗೆ ಸಿಗಲ್ಲ. ಮತ್ತೆ ಆ ಕ್ಲೋನ್ ಮಾಡಿದ ಡಿಸ್ಕ್ ಬೂಟ್ ಮಾಡಿ ನೋಡಿದ್ರಾ? ಅದನ್ನ ಹೇಳಲೇ ಇಲ್ಲ.