ಸಹಾಯ ಬೇಕು: ಗರ್ಭಿಣಿಯರಿಗೆ ಕಲಿಸಲಿಕ್ಕೆ ಊರಿನ ಜೋಗುಳ

ತುಳು, ಕುಂದಾಪ್ರ ಕನ್ನಡ, ಕೊಂಕಣಿ, ಬ್ಯಾರಿ ಜೋಗುಳ ಬೇಕಿತ್ತು. ಕಾಪು, ಬ್ರಹ್ಮಾವರ, ಮೂಲ್ಕಿ ಕಡೆಯವರು ಮನೆಯ ಅಜ್ಜಿ ಹಾಡಿದ್ದನ್ನು ಮೊಬೈಲಿನಲ್ಲಿ 2 ನಿಮಿಷ ರೆಕಾರ್ಡ್ ಮಾಡಿ ಕಳಿಸಬಹುದಾ? ಹಾರ್ಮೋನಿಯಂ, ತಾಳ ಬೇಡ. ಮಿಕ್ಸಿ, ಫ್ಯಾನ್ ನಿಲ್ಲಿಸಿದರೆ ಸಾಕು.

ಇದು ತಾಯಿ ಕಲಿತು ಹಾಡಲಿಕ್ಕೆ, ಹೊಟ್ಟೆಯ ಮೇಲೆ ಸ್ಪೀಕರ್ ಇಡಲಿಕ್ಕಲ್ಲ. ಇಯರ್‌ಫೋನ್ ಒತ್ತಿ ಹಿಡಿದರೆ ಒಳಗೆ ಸದ್ದು ಎಷ್ಟಾಗುತ್ತದೆಂದು ಹೊರಗೆ ಗೊತ್ತೇ ಆಗುವುದಿಲ್ಲ. ಮಗು ಸುಮಾರು 25ನೇ ವಾರದಿಂದ ಶಬ್ದಕ್ಕೆ ಸ್ಪಂದಿಸುತ್ತದೆ. ಹೊಟ್ಟೆ, ಗರ್ಭದ ನೀರು ದಾಟುವಾಗ ‘ಸ’, ‘ಶ’ದಂಥ ಚೂಪು ಸದ್ದು ಮಸುಕಾಗಿ ರಾಗ, ಲಯ ಉಳಿಯುತ್ತದೆ; ತಾಯಿಯ ದನಿಗೆ ಮೈಯೊಳಗಿನ ದಾರಿಯೂ ಉಂಟು. ಆದ್ದರಿಂದ ತಗ್ಗಿನ ಶ್ರುತಿ, ನಿಧಾನ ಲಯ, ಮತ್ತೆ ಮತ್ತೆ ಬರುವ ಪಲ್ಲವಿ ಇದ್ದರೆ ಒಳ್ಳೆಯದು. ಪದ ಮರೆತರೆ ‘ಜೋ ಜೋ’ ಅಂದರೂ ನಡೆಯುತ್ತದೆ.

ದಿನಕ್ಕೆ 10 ನಿಮಿಷ, ಎಡಮಗ್ಗುಲಲ್ಲಿ ಮಲಗಿ, ಒಂದೇ ಹಾಡು. ಅಪ್ಪಂದಿರು ಹತ್ತಿರ ಕೂತು ಮಾಮೂಲಿ ದನಿಯಲ್ಲಿ ಮಾತಾಡಲಿ, ಕೂಗುವುದು ಬೇಡ. ಆದರೆ ಮಗುವಿನ ಅಲುಗಾಟ ಕಡಿಮೆಯಾದರೆ ಹಾಡಿನಿಂದ ಎಬ್ಬಿಸಲು ನೋಡುತ್ತಾ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಬ್ಯಾರಿ ಜೋಗುಳ ಇನ್ನೂ ಒಂದೂ ಸಿಕ್ಕಿಲ್ಲ. ಉಳ್ಳಾಲದವರು ಯಾರಾದರೂ ಇದ್ದೀರಾ?